ಜ್ವರದ ದಿನದ ಸಿನಿಮಾ: ರಸಿಕರಿಗೊಂದು ಕೈಪಿಡಿ

ಮೈ ಕಾದು, ಕೀಲುಗಳೆಲ್ಲ ನೋಯುತ್ತ, ಪುಸ್ತಕ ಹಿಡಿದರೆ ತಲೆ ಸಿಡಿಯುವಂಥ ದಿನ ಯಾವ ಸಿನಿಮಾ ನೋಡಬೇಕು? ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಿಮರ್ಶಕರು ಕೊಂಡಾಡಿದ ಎಷ್ಟೋ ಚಿತ್ರಗಳನ್ನು ಆ ದಿನ ಹತ್ತು ನಿಮಿಷವೂ ಸಹಿಸಲಾಗುವುದಿಲ್ಲ. ಪ್ರಶಸ್ತಿಯ ಹತ್ತಿರವೂ ಸುಳಿಯದ ಯಾವುದೋ ಒಂದು ಚಿತ್ರ ಸಂಜೆಯವರೆಗೆ ಪಕ್ಕದಲ್ಲೇ ಕೂತು ನಮ್ಮನ್ನು ನೋಡಿಕೊಳ್ಳುತ್ತದೆ. ಹಾಗೆ ನೋಡಿಕೊಳ್ಳುವುದಕ್ಕೂ ಒಂದು ಕಸುಬುಗಾರಿಕೆ ಬೇಕು. ಅದನ್ನು ಗುರುತಿಸುವುದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಕಣ್ಣು ಮುಚ್ಚಿ ಕೇಳಿ ನೋಡಿ. ಜ್ವರದಲ್ಲಿ ಕಣ್ಣು ಬೇಗ ಸೋಲುತ್ತದೆ, ಕಿವಿ ಮಾತ್ರ ಎಚ್ಚರವಾಗಿರುತ್ತದೆ. ಪರದೆ ನೋಡದಿದ್ದರೂ ಕೈಬಿಟ್ಟುಹೋಗದ ಚಿತ್ರ ಬೇಕು. ಈ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಇಡೀ ಚಿತ್ರದ ಧ್ವನಿಯನ್ನು ಆಕಾಶವಾಣಿ ಪ್ರಸಾರ ಮಾಡುತ್ತಿದ್ದ ಕಾಲವಿತ್ತು, ಸಂಭಾಷಣೆಯ ಕ್ಯಾಸೆಟ್ಟುಗಳೂ ಸಿಗುತ್ತಿದ್ದವು. ಥಿಯೇಟರಿಗೆ ಹೋಗುವ ಮೊದಲೇ ಕಥೆಯನ್ನು ಕಿವಿಯಲ್ಲಿ ನೋಡಿ ಮುಗಿಸಿದವರು ನಮ್ಮಲ್ಲಿ ಬಹಳ ಮಂದಿ. ಹಾಗೆ ಕೇಳುವಾಗ ಗಮನಿಸಬೇಕಾದದ್ದು ದನಿಗಳನ್ನು: ಒಬ್ಬೊಬ್ಬರ ಮಾತೂ ಬೇರೆಬೇರೆಯಾಗಿ ಗುರುತು ಸಿಗುತ್ತದೆಯೇ? ಹಿನ್ನೆಲೆ ಸಂಗೀತ ಇದ್ದಕ್ಕಿದ್ದಂತೆ ಅಬ್ಬರಿಸಿ ಎದೆ ನಡುಗಿಸುತ್ತದೆಯೇ? ಎರಡನೆಯ ಪರೀಕ್ಷೆ ನಿದ್ದೆಯದು. ನಡುವೆ ಅರ್ಧ ಗಂಟೆ ಜೊಂಪು ಹತ್ತಿ ಎಚ್ಚರವಾದಾಗ ‘ಏನಾಯಿತು?’ ಎಂದು ಯಾರನ್ನೂ ಕೇಳಬೇಕಾಗಬಾರದು. ಅದೇ ಮನೆ, ಅದೇ ಜನ, ಅದೇ ಜಗಳ ಅಲ್ಲೇ ಮುಂದುವರಿದಿರಬೇಕು.

ಈ ಎರಡೂ ಪರೀಕ್ಷೆಯಲ್ಲಿ ಗೆಲ್ಲುವ ಕನ್ನಡ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಮೊದಲನೆಯದು ಫಣಿ ರಾಮಚಂದ್ರ ನಿರ್ದೇಶಿಸಿದ ‘ಗಣೇಶನ ಮದುವೆ’ (1990). ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಅವರ ಮಗಳು ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್, ಬಾಡಿಗೆಗಿರುವ ಗಣೇಶನಾಗಿ ಅನಂತ್ ನಾಗ್. ಗಣೇಶನಿಗೂ ಆದಿಲಕ್ಷ್ಮಿಗೂ ಒಬ್ಬರ ಮುಖ ಒಬ್ಬರಿಗೆ ಕಂಡರಾಗದು. ಆದರೆ ಶ್ರುತಿ ಎಂಬ ಹೆಸರಿನಲ್ಲಿ ರೇಡಿಯೋದಲ್ಲಿ ಹಾಡುವವಳು ಅವಳೇ. ಆ ದನಿಗೆ ಮನಸೋತು ವೈ.ಜಿ. ರಾವ್ ಎಂಬ ಹೆಸರಿನಲ್ಲಿ ಪತ್ರ ಬರೆಯುವವನು ಇವನೇ. ಕಾಗದದಲ್ಲಿ ಒಲವು, ವಠಾರದ ಅಂಗಳದಲ್ಲಿ ಜಟಾಪಟಿ.

ಇಲ್ಲಿನ ಕುಶಲತೆ ಎಲ್ಲಿದೆ ನೋಡಿ. ಪಾತ್ರಗಳಿಗೆ ತಿಳಿಯದ್ದು ನಮಗೆ ಮೊದಲೇ ತಿಳಿದಿದೆ. ಹಾಗಾಗಿ ಮುಂದೇನು ಗತಿ ಎಂಬ ಆತಂಕವೇ ಇಲ್ಲ. ಇವರಿಗೆ ಯಾವಾಗ ಗೊತ್ತಾದೀತು ಎಂದು ನಗುತ್ತ ಕಾಯುವುದಷ್ಟೇ ನಮ್ಮ ಕೆಲಸ. ಸುಸ್ತಾದ ತಲೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಜೊತೆಗೆ ಆ ವಠಾರ. ಗೋಡೆಗೆ ಗೋಡೆ ಅಂಟಿದ ಮನೆಗಳು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಷ್ಟು ಹತ್ತಿರದ ಬದುಕು. ಒಂಟಿಯಾಗಿ ಮಲಗಿದವರಿಗೆ ಸುತ್ತ ಜನ ಓಡಾಡುತ್ತಿದ್ದಾರೆ ಎನಿಸುವುದೇ ಅರ್ಧ ಆರೈಕೆ. ಅನಂತ್ ನಾಗ್ ಎಷ್ಟೇ ತರಲೆ ಮಾಡಿದರೂ ಅವರ ದನಿಯ ಮೆದುತನ ಕೆಡುವುದಿಲ್ಲ, ಕಣ್ಣು ಮುಚ್ಚಿಯೇ ಅದನ್ನು ಸವಿಯಬಹುದು. ಫಣಿ ರಾಮಚಂದ್ರ ಮತ್ತು ಅನಂತ್ ನಾಗ್ ಜೋಡಿಯ ‘ಗೌರಿ ಗಣೇಶ’ (1991) ಕೂಡ ಅಷ್ಟೇ ನಗಿಸುತ್ತದೆ. ಆದರೆ ತೀರಿಕೊಂಡ ಹುಡುಗಿಯೊಬ್ಬಳ ಡೈರಿಯಿಂದ ಹುಟ್ಟುವ ಕಥೆ ಅದು. ಜ್ವರ ಇಳಿಯತೊಡಗಿದ ಮೇಲೆ ನೋಡಿ.

ದೂರ ಇಡಬೇಕಾದವನ್ನೂ ಹೇಳಿಬಿಡುತ್ತೇನೆ. ‘ಹಾಲು ಜೇನು’ (1982), ‘ಬಂಧನ’ (1984), ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971). ಮೂರೂ ದೊಡ್ಡ ಚಿತ್ರಗಳು, ಮೂರರಲ್ಲೂ ಕ್ಯಾನ್ಸರ್. ಇವಕ್ಕೆ ಗಟ್ಟಿ ಮೈ ಬೇಕು. ಮುಖರ್ಜಿಯವರದೇ ಬೇಕೆಂದರೆ ‘ಬಾವರ್ಚಿ’ (1972) ಇದೆ: ಸದಾ ಕಚ್ಚಾಡುವ ಮನೆಗೆ ಅಡುಗೆಯವನೊಬ್ಬ ಬಂದು ಎಲ್ಲರನ್ನೂ ಒಂದು ಮಾಡುವ ಕಥೆ. ಸುದೀಪ್ ಇದನ್ನೇ 2007ರಲ್ಲಿ ಕನ್ನಡದಲ್ಲಿ ‘ನಂ. 73, ಶಾಂತಿನಿವಾಸ’ ಎಂದು ನಿರ್ದೇಶಿಸಿದರು.

ಹಾಗೆಂದು ಕಾಯಿಲೆಯ ಸುದ್ದಿಯೇ ಇರಬಾರದೆಂದಲ್ಲ. ಜಪಾನಿನ ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’ (1988) ಚಿತ್ರದಲ್ಲಿ ತಾಯಿ ಮೊದಲಿಂದಲೂ ಆಸ್ಪತ್ರೆಯಲ್ಲಿದ್ದಾಳೆ. ಮಿಯಾಝಾಕಿಯವರ ತಾಯಿಯೂ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದವರು. ಆ ಮನೆಯ ಮಗುವಿಗೆ ಏನು ಬೇಕಿತ್ತೆಂದು ಅವರಿಗೆ ಗೊತ್ತಿತ್ತು. 86 ನಿಮಿಷದ ಈ ಆನಿಮೇಷನ್ ಚಿತ್ರದಲ್ಲಿ ಖಳನೇ ಇಲ್ಲ. ಸತ್ಸುಕಿ, ಮೇಯ್ ಎಂಬ ಅಕ್ಕತಂಗಿಯರು ಅಪ್ಪನೊಡನೆ ಹಳ್ಳಿಯ ಹಳೆ ಮನೆಗೆ ಬರುತ್ತಾರೆ, ಕಾಡಿನ ದೊಡ್ಡ ರೋಮದ ಜೀವಿಯೊಂದು ಅವರಿಗೆ ಸ್ನೇಹಿತನಾಗುತ್ತದೆ.

ಬಸ್ ಸ್ಟಾಪಿನ ದೃಶ್ಯವನ್ನು ನಿಧಾನವಾಗಿ ನೋಡಿ. ಮಳೆ ಬರುತ್ತಿದೆ, ಅಪ್ಪನ ಬಸ್ಸು ತಡವಾಗಿದೆ, ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗಿದ್ದಾಳೆ. ಪಕ್ಕಕ್ಕೆ ಟೊಟೊರೊ ಬಂದು ನಿಲ್ಲುತ್ತದೆ, ತಲೆಯ ಮೇಲೊಂದು ಎಲೆ. ಸತ್ಸುಕಿ ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ಹನಿಗಳು ಕೊಡೆಯ ಮೇಲೆ ಟಪ ಟಪ ಬೀಳುತ್ತವೆ, ಆ ಸದ್ದಿಗೆ ಟೊಟೊರೊನ ಕಣ್ಣು ಅರಳುತ್ತದೆ. ಇನ್ನಷ್ಟು ಹನಿ ಬೀಳಲೆಂದು ಅದು ನೆಲ ಅದುರುವಂತೆ ಹಾರುತ್ತದೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಯುವುದನ್ನೇ ಸುಖವಾಗಿಸುವ ಇಂಥ ದೃಶ್ಯ, ಗುಣವಾಗಲು ಕಾಯುತ್ತ ಮಲಗಿದವರಿಗೆ ಹೇಳಿ ಮಾಡಿಸಿದ್ದು. ಕೊನೆಯಲ್ಲಿ ಆಸ್ಪತ್ರೆಯಿಂದ ತಂತಿ ಬಂದು ಮಕ್ಕಳು ಕಂಗಾಲಾಗುತ್ತಾರೆ. ತಾಯಿಗೆ ಆದದ್ದು ನೆಗಡಿ ಅಷ್ಟೇ. ಒಂದು ಎಚ್ಚರಿಕೆ: 1988ರಲ್ಲಿ ಜಪಾನಿನ ಥಿಯೇಟರುಗಳಲ್ಲಿ ಇದರ ಜೊತೆ ತೋರಿಸಿದ್ದು ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಯುದ್ಧದ ದಾರುಣ ಕಥೆಯನ್ನು. ಆ ಜೋಡಿಯನ್ನು ಮನೆಯಲ್ಲಿ ಅನುಸರಿಸಬೇಡಿ.

ನಾಲಿಗೆ ಕಹಿಯಾಗಿ ಗಂಜಿಯೂ ಸೇರದಿರುವಾಗ ಊಟದ ದೃಶ್ಯ ಕಂಡರೆ ಹೊಟ್ಟೆ ತೊಳಸುತ್ತದೆ. ಹಸಿವು ಮರಳಿ, ತಿಳಿಸಾರು ಅನ್ನ ರುಚಿಸಿದ ದಿನ ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ (1957) ಹಾಕಿಕೊಳ್ಳಿ. ಮದುವೆಮನೆಯ ಅಡುಗೆಯನ್ನು ಎಸ್.ವಿ. ರಂಗರಾವ್ ಅವರ ಘಟೋತ್ಕಚ ಒಬ್ಬನೇ ಕೂತು ಬಾರಿಸುವ ದೃಶ್ಯವೇ ಟಾನಿಕ್ಕು. ಅದಕ್ಕಿಂತ ಮಿಗಿಲಾದದ್ದು ಶಶಿರೇಖೆಯ ರೂಪ ತಾಳಿದ ಘಟೋತ್ಕಚನಾಗಿ ಸಾವಿತ್ರಿಯವರ ನಟನೆ. ಹುಡುಗಿಯ ಮೈಯೊಳಗೆ ರಾಕ್ಷಸನ ಗತ್ತು ಹೇಗೆ ಇಣುಕುತ್ತದೆಂದು ಅವರ ಭುಜವನ್ನೂ ನಡಿಗೆಯನ್ನೂ ನೋಡಿ ತಿಳಿಯಿರಿ. ಉದ್ದದ ಚಿತ್ರ, ಎರಡು ದಿನಕ್ಕೆ ಹಂಚಿಕೊಂಡರೆ ನಷ್ಟವಿಲ್ಲ.

ಆರೈಕೆ ಮಾಡುವವರಿಗೆ ಒಂದೆರಡು ಮಾತು. ದನಿ ತಗ್ಗಿಸಿ, ಜಾಹೀರಾತು ಬಂದಾಗ ಇನ್ನೂ ತಗ್ಗಿಸಿ. ರೋಗಿ ನಿದ್ದೆ ಹೋದರೆಂದು ತಟ್ಟನೆ ಆರಿಸಬೇಡಿ, ಆ ಮೌನಕ್ಕೇ ಎಚ್ಚರವಾಗುತ್ತದೆ.

ಇನ್ನು ಮುಖ್ಯವಾದದ್ದು. ಇವ್ಯಾವುದನ್ನೂ ಹಾಸಿಗೆ ಹಿಡಿದ ದಿನ ಮೊದಲ ಸಲ ನೋಡಬೇಡಿ. ಹೊಸ ಕಥೆ ಎಷ್ಟೇ ಹಗುರವಾಗಿದ್ದರೂ ಗಮನ ಬೇಡುತ್ತದೆ. ಗೊತ್ತಿರುವ ಕಥೆ ಏನನ್ನೂ ಬೇಡುವುದಿಲ್ಲ. ಆರೋಗ್ಯವಾಗಿರುವಾಗಲೇ ನೋಡಿ, ಎಲ್ಲಿ ಸಿಗುತ್ತದೆಂದು ಗುರುತು ಮಾಡಿಕೊಳ್ಳಿ. ಈ ಭಾನುವಾರವೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ‘ಗಣೇಶನ ಮದುವೆ’ಯಿಂದ ಶುರುಮಾಡಿ.