ಕಡಲು ಕಾಣುವ ಮುನ್ನ

ಗ್ರೀಕ್ ಎಂದರೆ ನಮಗೆ ಹೆಚ್ಚಾಗಿ ನಾಟಕ. ಸೊಫೊಕ್ಲಿಸನ ಏಜಾಕ್ಸ್ ಬಿಎಂಶ್ರೀ ಕೈಯಲ್ಲಿ 'ಅಶ್ವತ್ಥಾಮನ್' ಆದದ್ದನ್ನು ಪಿಯುಸಿಯಲ್ಲೇ ಕೇಳಿದ್ದೆ. ಗ್ರೀಕ್ ಗದ್ಯದ ಬಾಗಿಲು ತಟ್ಟಿದ್ದು ಮಾತ್ರ ನಲವತ್ತು ದಾಟಿದ ಮೇಲೆ, ಪುಣೆಯಲ್ಲಿ, ರಾತ್ರಿಯ ಕಾಲ್‌ಗಳು ಮುಗಿದ ನಂತರ. 24 ಅಕ್ಷರ ಕಲಿಯಲು ಒಂದು ವಾರ ಸಾಕಾಯಿತು. ಕ್ಸೆನೊಫನ್‌ನ 'ಅನಾಬಸಿಸ್' ಕೃತಿಯ ನಾಲ್ಕನೆಯ ಪುಸ್ತಕ ತಲುಪಲು ಎರಡು ವರ್ಷ ಬೇಕಾಯಿತು.

ಕತೆ ಸರಳ. ಕ್ರಿ.ಪೂ. 401ರಲ್ಲಿ ಅಣ್ಣನ ಸಿಂಹಾಸನಕ್ಕೆ ಕೈಹಾಕಿದ ಪರ್ಷಿಯದ ರಾಜಕುಮಾರ ಸೈರಸ್, ಹತ್ತು ಸಾವಿರದಷ್ಟು ಗ್ರೀಕ್ ಬಾಡಿಗೆ ಸೈನಿಕರನ್ನು ಬ್ಯಾಬಿಲೋನಿನ ಹತ್ತಿರದವರೆಗೆ ಕರೆದೊಯ್ದು ಯುದ್ಧದಲ್ಲಿ ಸಾಯುತ್ತಾನೆ. ಗ್ರೀಕ್ ಸೇನಾಪತಿಗಳು ಮೋಸಕ್ಕೆ ಬಲಿಯಾಗುತ್ತಾರೆ. ಉಳಿದವರು ನಡೆದೇ ಊರು ಸೇರಬೇಕು. ಕ್ಸೆನೊಫನ್ ಅವರ ನಾಯಕರಲ್ಲೊಬ್ಬ; ಆದರೆ ತನ್ನನ್ನೇ 'ಅವನು' ಎಂದು ಬರೆದುಕೊಳ್ಳುತ್ತಾನೆ. ಬೆಟ್ಟದ ತುದಿಯಿಂದ ಕಪ್ಪು ಸಮುದ್ರ ಕಂಡು ಸೈನಿಕರು ಕೂಗಿ, ಅಪ್ಪಿಕೊಂಡು ಅಳುವ ದೃಶ್ಯ ಲೋಕಪ್ರಸಿದ್ಧ. ಇಂಗ್ಲಿಷಿನಲ್ಲಿ ಓದಿದಾಗ ನನಗೂ ಅದೊಂದೇ ನೆನಪಿನಲ್ಲಿ ಉಳಿದಿತ್ತು. ಊರು ಬಿಟ್ಟವರಿಗೆ ಉಳಿಯುವುದೂ ಅದೇ ತಾನೆ?

ಅದಕ್ಕೆ ಕೆಲವೇ ಪ್ಯಾರಾಗಳ ಹಿಂದೆ ಇನ್ನೊಂದು ದೃಶ್ಯವಿದೆ. ಸೈನ್ಯದ ಆಹಾರ ಮುಗಿದಿದೆ. ತಾವೋಖರೆಂಬ ಬೆಟ್ಟದ ಜನ ತಮ್ಮದೆಲ್ಲವನ್ನೂ ಭದ್ರ ನೆಲೆಗಳಿಗೆ ಸಾಗಿಸಿಕೊಂಡಿದ್ದಾರೆ. ಗ್ರೀಕರು ಅಂಥ ಒಂದು ನೆಲೆಗೆ ನುಗ್ಗಿದಾಗ ಹೆಂಗಸರು ಮಕ್ಕಳನ್ನು ಬಂಡೆಯಿಂದೆಸೆದು ತಾವೂ ಹಾರುತ್ತಾರೆ, ಗಂಡಸರೂ ಹಾರುತ್ತಾರೆ. ಅನುವಾದದಲ್ಲಿ ಇದು ಕ್ಷಣದಲ್ಲಿ ಮುಗಿದುಹೋಗುತ್ತದೆ. ಗ್ರೀಕಿನಲ್ಲಿ ಮುಗಿಯುವುದಿಲ್ಲ. 'ಎಸೆಯುತ್ತ' ಎಂಬ ಕೃದಂತದ ಪ್ರತ್ಯಯವೇ ಸ್ತ್ರೀಲಿಂಗ ಬಹುವಚನ. ಕ್ರಿಯಾಪದ 'ಹಾರಿದರು' ಅಲ್ಲ, 'ಹಾರುತ್ತಿದ್ದರು': ಒಬ್ಬರಾದ ಮೇಲೆ ಒಬ್ಬರು. ಒಂದೊಂದೇ ಪದವನ್ನು ನಿಘಂಟಿನಲ್ಲಿ ಹುಡುಕುವ ನನಗೆ ಆ ಬೀಳುವಿಕೆ ಅರ್ಧ ಗಂಟೆ ನಡೆಯಿತು.

ಆಮೇಲೆ ಲೆಕ್ಕ ಬರುತ್ತದೆ. ಗ್ರೀಕಿನಲ್ಲಿ 'ಮೆನ್', 'ದೆ' ಎಂಬ ಎರಡು ಪುಟ್ಟ ಅವ್ಯಯಗಳಿವೆ, ತಕ್ಕಡಿಯ ಎರಡು ತಟ್ಟೆಗಳಂತೆ. ನಮ್ಮ 'ಅವನೋ ಹಾಗೆ, ಇವನೋ ಹೀಗೆ' ಎನ್ನುವ ಓಕಾರಕ್ಕೆ ಹತ್ತಿರ. ಸೆರೆಸಿಕ್ಕ ಬೆರಳೆಣಿಕೆಯ ಮನುಷ್ಯರು ಒಂದು ತಟ್ಟೆಯಲ್ಲಿ. ಎತ್ತು, ಕತ್ತೆ, ಕುರಿಗಳು ಇನ್ನೊಂದರಲ್ಲಿ. ಕ್ರಿಯಾಪದ ಕರ್ಮಣಿ, ಹಿಡಿದವರು ಯಾರೆಂದಿಲ್ಲ. ಮುಂದಿನ ದಾರಿಯಲ್ಲಿ ಸೈನ್ಯದ ಹೊಟ್ಟೆ ತುಂಬಿಸುವುದು ಆ ಜಾನುವಾರುಗಳೇ.

ಈ ವಾಕ್ಯ ನನಗೆ ಪರಿಚಿತ. ಕೆಲ ವರ್ಷಗಳ ಹಿಂದೆ ಪ್ರಾಜೆಕ್ಟೊಂದು ನಡುವೆಯೇ ನಿಂತಾಗ ವರದಿ ಬರೆದವನು ನಾನು: ಹನ್ನೊಂದು ಜನರನ್ನು ಬಿಡುಗಡೆ ಮಾಡಲಾಯಿತು, ಲೈಸೆನ್ಸುಗಳನ್ನು ಉಳಿಸಿಕೊಳ್ಳಲಾಯಿತು. ಪಟ್ಟಿ ಮಾಡಿದವನೂ ನಾನೇ. ವರದಿಯಲ್ಲಿ ನಾನಿಲ್ಲ.

ಕ್ಸೆನೊಫನ್ ತಣ್ಣನೆಯ ಬರಹಗಾರ ಎಂದು ದೂರುವುದು ಸುಲಭ. ಆದರೆ ಆ ನೋಟ ಭೀಕರವೆಂದು ಅವನು ಬರೆದ. ಅದನ್ನು ಕಡಲಿನ ಪಕ್ಕದಲ್ಲೇ ಬಿಟ್ಟ. ಕರ್ಮಣಿಯ ಹಿಂದೆ ತಾನೂ ಅಡಗಿದ, ನಿಜ. ನನ್ನ ವರದಿಯಲ್ಲಿ ಆ ಒಂದು ವಿಶೇಷಣವೂ ಇರಲಿಲ್ಲ.

ಹೋದ ತಿಂಗಳು ಕಡಲಿನ ಪ್ಯಾರಾ ತಲುಪಿದೆ. ನಿಘಂಟು ಹೆಚ್ಚು ಬೇಕಾಗಲಿಲ್ಲ, ಖುಷಿಯೂ ಆಯಿತು. ಅಂದು ರಾತ್ರಿ ಆ ಹನ್ನೊಂದು ಹೆಸರುಗಳನ್ನು ನೆನಪಿಸಿಕೊಳ್ಳಲು ಕೂತೆ. ಒಂಬತ್ತು ಸಿಕ್ಕವು. ಇನ್ನೆರಡಕ್ಕೆ ಹಳೆಯ ಮೇಲ್ ತೆರೆಯಬೇಕಾಯಿತು.