ಸೂರ್ಯಕಾಂತಿ ವಾಸನೆಯ ಅಪ್ಪ

ಸೂರ್ಯಕಾಂತಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಅಥಣಿ, ರಾಯಬಾಗ ಕಡೆಯ ಹೊಲಗಳ ಬದುವಿನ ಮೇಲೆ ಓಡಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮಲ್ಲಿಗೆಯಂತೆ ಮುಡಿಯಲು ಬಾರದು, ಸೇವಂತಿಗೆಯಂತೆ ದೇವರಿಗೆ ಏರಿಸುವ ರೂಢಿಯಿಲ್ಲ. ಎಣ್ಣೆಗಾಗಿ ಬೆಳೆಯುವ ಹೂವು ಅದು. ಹೀಗಿರುವಾಗ 'ಸೂರ್ಯಕಾಂತಿಯ ವಾಸನೆ ಬರುವ ಸಮುರಾಯಿ'ಯನ್ನು ಹುಡುಕಿಕೊಂಡು ಹದಿನೈದರ ಹುಡುಗಿಯೊಬ್ಬಳು ಊರೂರು ಅಲೆಯುತ್ತಾಳೆ ಎಂದರೆ, ಕಥೆ ಕಟ್ಟಿದವನ ಮನಸ್ಸಿನಲ್ಲಿ ಹೂವಿಗಿಂತ ಬೇರೆ ಏನೋ ಇದೆ ಎಂದೇ ಅರ್ಥ.

ಕಥೆಯ ಹೆಸರು 'ಸಮುರಾಯ್ ಚಂಪ್ಲೂ'. ಜಪಾನಿನ ಶಿನ್‌ಇಚಿರೋ ವತನಾಬೆ ನಿರ್ದೇಶಿಸಿದ್ದು, 2004-05ರಲ್ಲಿ ಅಲ್ಲಿಯ ಟೀವಿಯಲ್ಲಿ ಬಂದ 26 ಕಂತುಗಳ ಧಾರಾವಾಹಿ. ಮನುಷ್ಯರು ನಟಿಸಿದ್ದಲ್ಲ, ಚಿತ್ರ ಬರೆದು ಚಲಿಸುವಂತೆ ಮಾಡಿದ್ದು. ಅನಿಮೆ ಎನ್ನುತ್ತಾರೆ. ನಮ್ಮ ಮನೆಗೆ ಇದನ್ನು ತಂದವಳು ಮಗಳು. ರಜೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು, "ಅವ್ವಾ, ಇದ ಸಣ್ಣ ಹುಡುಗೂರ್ದಲ್ಲ. ನೀ ಇತಿಹಾಸ ಕಲಿಸಾಕಿ, ನಿನಗ ಸೇರತೈತಿ, ಕುಂದರ" ಎಂದಳು. ಕುಳಿತೆ. ಕತ್ತಿಯ ಕಾಳಗ ಬಂದಾಗಲೆಲ್ಲ ಎದ್ದು ಹೋಗಿ ಪಲ್ಯಕ್ಕೆ ಒಗ್ಗರಣೆ ಹಾಕಿ ಬರುತ್ತಿದ್ದೆ. ಮರಳಿ ಬಂದರೂ ಕಾಳಗ ಮುಗಿದಿರುತ್ತಿರಲಿಲ್ಲ. ರಕ್ತ ಬಹಳ, ಸೂಳೆಗೇರಿಯ ಪ್ರಸಂಗಗಳೂ ಇವೆ. ಆದ್ದರಿಂದ ಮನೆಯ ಸಣ್ಣ ಮಕ್ಕಳ ಮುಂದೆ ಹಚ್ಚುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹುಡುಗಿಯ ಹೆಸರು ಫೂ. ಚಹಾದಂಗಡಿಯಲ್ಲಿ ಕೆಲಸಕ್ಕಿದ್ದವಳು. ತಾಯಿ ತೀರಿಕೊಂಡಿದ್ದಾಳೆ. ತಂದೆ ಎಂದೋ ಮನೆ ಬಿಟ್ಟು ಹೋಗಿದ್ದಾನೆ. ಮುಗೆನ್, ಜಿನ್ ಎಂಬ ಇಬ್ಬರು ಕತ್ತಿಯ ಆಳುಗಳನ್ನು ಮರಣದಂಡನೆಯಿಂದ ಪಾರು ಮಾಡಿ, ಆ ಋಣಕ್ಕೆ ಅವರನ್ನು ತನ್ನ ಜೊತೆ ನಡೆಸಿಕೊಳ್ಳುತ್ತಾಳೆ. ಕತ್ತಿ ಅವರದು, ಹಾದಿ ಇವಳದು. ಇದು ನನಗೆ ಹಿಡಿಸಿತು. ನಡುವೆ ಹನ್ನೊಂದನೆಯ ಕಂತಿನಲ್ಲಿ, ಗಂಡನ ಸಾಲಕ್ಕಾಗಿ ಸೂಳೆಗೇರಿಗೆ ಮಾರಿಹೋದ ಶಿನೋ ಎಂಬ ಹೆಂಗಸನ್ನು ಜಿನ್ ದೋಣಿಯಲ್ಲಿ ಕೂರಿಸಿ ಒಂದು ಮಠಕ್ಕೆ ಕಳಿಸುತ್ತಾನೆ. ಅಲ್ಲಿ ಕೆಲವು ವರ್ಷ ಇದ್ದ ಹೆಂಗಸಿಗೆ ಗಂಡನಿಂದ ಬಿಡುಗಡೆ. ಇದು ಕಟ್ಟುಕಥೆಯಲ್ಲ. ಕಾಮಕುರದ ತೋಕೈಜಿ ಎಂಬ ಸನ್ಯಾಸಿನಿಯರ ಮಠ ಶತಮಾನಗಳ ಕಾಲ ಈ ಕೆಲಸ ಮಾಡಿತು. ಅಂಥ ಒಂದು ಬಾಗಿಲು ನಮ್ಮ ಸೀಮೆಯಲ್ಲೂ ಇದ್ದಿದ್ದರೆ ಎಂದು ಆ ರಾತ್ರಿ ಬಹಳ ಹೊತ್ತು ಅಂದುಕೊಂಡೆ.

ಕಡೆಯ ಮೂರು ಕಂತುಗಳಲ್ಲಿ ಗುಟ್ಟು ಬಿಚ್ಚುತ್ತದೆ. ಸೂರ್ಯಕಾಂತಿಯ ಸಮುರಾಯಿ ಎಂದರೆ ಫೂಳ ಅಪ್ಪ, ಕಸುಮಿ ಸೇಜೋ. ಕ್ರೈಸ್ತನಾದವನು, ಶಿಮಬಾರ ದಂಗೆಯ ಜೊತೆ ಹೆಸರು ತಳಕು ಹಾಕಿಕೊಂಡವನು, ಸರಕಾರ ಬೇಟೆಯಾಡುತ್ತಿರುವವನು. ನಾಗಸಾಕಿಯ ಹತ್ತಿರದ ಇಕಿತ್ಸುಕಿ ದ್ವೀಪದಲ್ಲಿ ಅಡಗಿದ್ದಾನೆ.

ನಮ್ಮ ಕಡೆಯವರಿಗೆ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಮಿರಜಿನ ಮಿಶನ್ ದವಾಖಾನೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಶುರು ಮಾಡಿದ್ದು. ಕಾಗವಾಡದ ಬಾಣಂತಿಯರಿಗೆ ಅದು ತವರುಮನೆಯಷ್ಟೇ ಹತ್ತಿರ. ಬಿಳಿ ಉಡುಪಿನ ಸಿಸ್ಟರು, ಬಾಗಿಲ ಮೇಲಿನ ಶಿಲುಬೆ, ಎಲ್ಲ ಬೆಳಕಿನಲ್ಲೇ. ಧರ್ಮವನ್ನು ಕೋಣೆಯ ಮೂಲೆಯಲ್ಲಿ ಬಚ್ಚಿಟ್ಟು ಬದುಕಿದ ಕ್ರೈಸ್ತರನ್ನು ಕಲ್ಪಿಸಿಕೊಳ್ಳಬೇಕಾದರೆ ಜಪಾನಿನ ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಬೇಕು.

1614ರಲ್ಲಿ ತೊಕುಗವಾ ಸರಕಾರ ಕ್ರೈಸ್ತಧರ್ಮವನ್ನು ದೇಶಕ್ಕೆಲ್ಲ ನಿಷೇಧಿಸಿತು. 1637ರ ಕೊನೆಗೆ ಶಿಮಬಾರ, ಅಮಾಕುಸ ಸೀಮೆಯ ರೈತರು ತಿರುಗಿಬಿದ್ದರು. ಧರ್ಮದ ದಂಗೆ ಎಂದು ಪುಸ್ತಕಗಳು ಬರೆದರೂ ಬೆಂಕಿ ಹತ್ತಿದ್ದು ಹೊಟ್ಟೆಗೆ. ಬೆಳೆ ಹೋದ ವರ್ಷವೂ ಬಿಡದ ಕಂದಾಯ, ಕೊಡಲಾಗದವರಿಗೆ ಚಿತ್ರಹಿಂಸೆ. 1981ರ ನಿಪ್ಪಾಣಿಯ ತಂಬಾಕಿನ ಚಳವಳಿ, ಆ ಗೋಲಿಬಾರು ನೆನಪಿದ್ದವರಿಗೆ, ರೈತ ಯಾವಾಗ ರಸ್ತೆಗೆ ಬಂದು ಕೂರುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಶಿಮಬಾರದವರು ಹೆಂಡಿರು ಮಕ್ಕಳೊಂದಿಗೆ ಹಾರಾ ಎಂಬ ಹಳೆಯ ಕೋಟೆ ಹೊಕ್ಕರು. ಸುಮಾರು 37,000 ಜನ. ಮುಂದಾಳು ಅಮಾಕುಸ ಶಿರೋ, ಇನ್ನೂ ಮೀಸೆ ಮೂಡದ ಹುಡುಗ. 1638ರ ಏಪ್ರಿಲ್‌ನಲ್ಲಿ ಕೋಟೆ ಬಿತ್ತು, ಒಳಗಿದ್ದವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಮನೆಯೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು. ನಾಗಸಾಕಿ ಕಡೆ ವರ್ಷಕ್ಕೊಮ್ಮೆ ಯೇಸುವಿನದೋ ಮೇರಿಯದೋ ಚಿತ್ರವನ್ನು ಕಾಲಿನಿಂದ ತುಳಿದು ತೋರಿಸಬೇಕು. ಇದಕ್ಕೆ ಫುಮಿ-ಎ ಎಂದು ಹೆಸರು. 1850ರ ದಶಕದವರೆಗೂ ಈ ತುಳಿಸಾಟ ನಡೆಯಿತು.

ಧಾರಾವಾಹಿ ಇದನ್ನೆಲ್ಲ ಪಾಠ ಮಾಡುವುದಿಲ್ಲ. ಹತ್ತೊಂಬತ್ತನೆಯ ಕಂತಿನಲ್ಲಿ ಮಾತ್ರ ಒಂದು ಚೇಷ್ಟೆ ಮಾಡುತ್ತದೆ. ಕ್ಸೇವಿಯರ್‌ನ ಮೊಮ್ಮಗ ನಾನು ಎಂದು ಹೇಳಿಕೊಂಡು ಒಬ್ಬ ಕಪಟಿ ಗುಟ್ಟಿನ ಕ್ರೈಸ್ತರಿಗೆ ಗುರುವಾಗಿ, ಅವರಿಂದ ಬಂದೂಕು ಮಾಡಿಸುತ್ತಿರುತ್ತಾನೆ. ಬ್ರಹ್ಮಚಾರಿ ಪಾದ್ರಿಗೆ ಮೊಮ್ಮಗ! ನಗು ಬಂತು. ನಗುತ್ತಲೇ ಮೈ ಜುಮ್ಮೆಂದಿತು. ಏಕೆಂದರೆ ಈ ಕ್ಸೇವಿಯರ್ ನಮಗೆ ದೂರದವನಲ್ಲ. ಸಂಕೇಶ್ವರದಿಂದ ಅಂಬೋಲಿ ಘಟ್ಟ ಇಳಿದು ಹೋದರೆ ಓಲ್ಡ್ ಗೋವಾದ ಬೋಮ್ ಜೀಸಸ್ ಚರ್ಚಿನಲ್ಲಿ ಬೆಳ್ಳಿಯ ಪೆಟ್ಟಿಗೆಯೊಳಗೆ ಮಲಗಿದ್ದಾನೆ. 2024ರ ನವೆಂಬರ್‌ನಿಂದ 2025ರ ಜನವರಿಯವರೆಗೆ ಆ ದೇಹದ ದರ್ಶನ ಇತ್ತು. ನಮ್ಮ ಕಡೆಯಿಂದಲೂ ಜನ ಹೋಗಿ ಬಂದರು. ಜಪಾನಿಗೆ ಕ್ರೈಸ್ತಧರ್ಮ ಹೋದದ್ದೂ ಈ ಗೋವಾದಿಂದಲೇ. ಅಂಜಿರೋ ಎಂಬ ಜಪಾನಿಗ 1548ರಲ್ಲಿ ಗೋವಾದಲ್ಲಿ ದೀಕ್ಷಾಸ್ನಾನ ಪಡೆದ. ಮರುವರ್ಷ ಅವನನ್ನು ಕಟ್ಟಿಕೊಂಡು ಕ್ಸೇವಿಯರ್ ಹೊರಟ, 1549ರ ಆಗಸ್ಟ್ 15ಕ್ಕೆ ಕಾಗೋಶಿಮದಲ್ಲಿ ಇಳಿದ. ಮುಂದೆ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿಸಿದ 26 ಜನರಲ್ಲಿ ಒಬ್ಬ ನಮ್ಮವನೇ, ಮುಂಬಯಿ ಹತ್ತಿರದ ವಸಯಿಯ ಗೊನ್ಸಾಲೊ ಗಾರ್ಸಿಯಾ.

ಇನ್ನೊಂದು ಬದಿಯೂ ಇದೆ. ಇದೇ ಕ್ಸೇವಿಯರ್ 1546ರಲ್ಲಿ ಪೋರ್ತುಗಲ್ಲಿನ ರಾಜನಿಗೆ ಪತ್ರ ಬರೆದು, ಈ ಸೀಮೆಗೆ ಇಂಕ್ವಿಸಿಷನ್ ಬೇಕೆಂದು ಕೇಳಿದವನು. ಅವನು ಸತ್ತ ಎಂಟು ವರ್ಷಕ್ಕೆ, 1560ರಲ್ಲಿ, ಅದು ಗೋವಾಕ್ಕೆ ಬಂದೇ ಬಂತು. ಅದೇ ವರ್ಷ ಮಂಗೇಶ ದೇವರು ಕುಶಸ್ಥಳಿಯಿಂದ ಹೊಳೆ ದಾಟಿ ಪ್ರಿಯೋಳಕ್ಕೆ ಹೋದ. ಕೆಳಶಿಯ ಶಾಂತಾದುರ್ಗೆ ಕವಳೆಗೆ ಹೋದಳು. ನಾವು ಸಹಲಿಗೆ ಹೋಗಿ ಕೈಮುಗಿದು ಬರುವ ಗುಡಿಗಳೆಲ್ಲ ಹೀಗೆ ಓಡಿಬಂದ ದೇವರುಗಳ ಮನೆಗಳು. ಗೋವಾದಲ್ಲಿ ಯಾರು ಓಡಿಸಿದರೋ ಅವರ ಮಾತು ನಂಬಿದ ಬಡವರನ್ನೇ ಜಪಾನಿನಲ್ಲಿ ಬೇರೆಯವರು ಓಡಿಸಿದರು. ವತನಾಬೆಯ ಧಾರಾವಾಹಿಗೆ ಗೋವಾದ ಈ ಕಥೆ ಬೇಕಾಗಿಲ್ಲ, ಇರಲಿ. ಘಟ್ಟದ ಈಚೆ ಕುಳಿತು ನೋಡುವ ನಮಗೆ ಅದನ್ನು ಬಿಟ್ಟು ನೋಡುವುದಾಗುವುದಿಲ್ಲ.

ಈಗ ಫೂಳ ಅಪ್ಪನ ಕಡೆ ಬರೋಣ. ಅಷ್ಟು ದೂರ ಕೋಪವನ್ನು ಹೊತ್ತುಕೊಂಡು ನಡೆದವಳು, ಕಡೆಗೆ ಕಾಣುವುದು ಹಾಸಿಗೆ ಹಿಡಿದ ರೋಗಿಯನ್ನು. ನಿಮ್ಮನ್ನು ಅಪಾಯದಿಂದ ದೂರ ಇಡಲೆಂದೇ ಬಿಟ್ಟು ಬಂದೆ ಎನ್ನುತ್ತಾನೆ. ಬಯ್ಯಲೆಂದು ಬಂದ ಹುಡುಗಿಗೆ ಬಯ್ಯಲೂ ಆಗುವುದಿಲ್ಲ. ಅಷ್ಟರಲ್ಲಿ ಸರಕಾರದ ಕೊಲೆಗಾರ ಕರಿಯ ಬಂದು ಅವನನ್ನು ಮುಗಿಸುತ್ತಾನೆ. 26 ಕಂತುಗಳ ಹುಡುಕಾಟಕ್ಕೆ ದಕ್ಕಿದ್ದು ನಾಲ್ಕು ಮಾತು. ಇದು ಚೆನ್ನಾಗಿದೆ. ಅತ್ತು ಕರೆದು ಅಪ್ಪಿಕೊಳ್ಳುವ ದೃಶ್ಯ ಬರೆದಿದ್ದರೆ ನಮ್ಮ ಟೀವಿ ಧಾರಾವಾಹಿಗೂ ಇದಕ್ಕೂ ಏನು ವ್ಯತ್ಯಾಸ? 1996ರಿಂದ ಬಂದ 'ರುರೌನಿ ಕೆನ್‌ಶಿನ್' ಎಂಬ ಇನ್ನೊಂದು ಸಮುರಾಯಿ ಧಾರಾವಾಹಿಯಲ್ಲೂ ಕ್ರೈಸ್ತರ ಪ್ರಸಂಗವಿದೆ. ಅಲ್ಲಿ ನಾಯಕ ಶೋಗೋ ತಾನೇ ದೇವರ ಮಗನೆನ್ನುತ್ತಾನೆ, ಅವನಿಗೊಬ್ಬ ಖಾಯಿಲೆಯ ತಂಗಿ, ಅವಳ ಸಾವು, ಕಣ್ಣೀರು. ಅದು ಬರೀ ಬಣ್ಣದ ಬಟ್ಟೆ.

ಆದರೆ ಚಂಪ್ಲೂವಿನಲ್ಲೂ ನನಗೆ ಒಂದು ಮುಳ್ಳು ಚುಚ್ಚಿತು. ಆ ತಾಯಿ ಎಲ್ಲಿ?

ಅಪ್ಪ ಹೋದ ಮೇಲೆ ಫೂಳನ್ನು ಬೆಳೆಸಿದವಳು ತಾಯಿ. ಬೇಟೆಗೆ ಗುರಿಯಾದವನ ಹೆಂಡತಿ, ಕೈಯಲ್ಲಿ ಕೂಸು. ದೇವಾಲಯದ ದಫ್ತರಿನಲ್ಲಿ ಅವಳ ಹೆಸರು ಬರೆಸಿದವರು ಯಾರು? ಆ ಚಿತ್ರವನ್ನು ಕಾಲ ಮುಂದೆ ತಂದಿಟ್ಟರೆ ಅವಳು ತುಳಿದಾಳೋ, ಇಲ್ಲವೋ? ತುಳಿದರೆ ಗಂಡನ ದೇವರಿಗೆ ದ್ರೋಹ, ತುಳಿಯದಿದ್ದರೆ ಮಗಳ ಕುತ್ತಿಗೆಗೆ ಕತ್ತಿ. ಅಡಗಿಕೊಂಡ ಗಂಡಸಿಗಿಂತ ಊರಿನಲ್ಲಿ ಉಳಿದ ಹೆಂಗಸಿನ ಪರೀಕ್ಷೆಯೇ ದೊಡ್ಡದು. ಧಾರಾವಾಹಿ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಕಥೆ ಶುರುವಾಗುವ ಮೊದಲೇ ತಾಯಿಯನ್ನು ಸಾಯಿಸಿ ಕೈ ತೊಳೆದುಕೊಂಡಿದೆ. ಬಿಟ್ಟು ಹೋದ ಅಪ್ಪನಿಗೆ ಹೂವಿನ ವಾಸನೆ. ಹತ್ತಿರವಿದ್ದ ತಾಯಿಗೆ ಯಾವ ವಾಸನೆಯೂ ಇಲ್ಲ.

ಇಲ್ಲಿ ನನಗೆ ನಮ್ಮ ಚಿಗವ್ವನ ಮಾತು ಹೇಳದೆ ಮುಂದೆ ಹೋಗಲಾಗದು. ಕಾಕಾ ಒಂದು ಆಷಾಢದಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ಹೋದವರು ತಿರುಗಿ ಬರಲಿಲ್ಲ. ಯಾರೋ ಸಾಧುಗಳ ಸೇವೆಯಲ್ಲಿ ನಿಂತುಬಿಟ್ಟರಂತೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಕಾರ್ಡು ಬರುತ್ತಿತ್ತು. ಊರವರು, "ಪುಣ್ಯವಂತಿ ನೀ, ಗಂಡ ದೇವರ ಹಾದಿ ಹಿಡದಾನ" ಎನ್ನುತ್ತಿದ್ದರು. ಚಿಗವ್ವ, "ಹೌದ್ರಿ, ಅವರು ದೇವರ ಹಾದಿ ಹಿಡದಾರ, ನಾ ವಖಾರಿ ಹಾದಿ ಹಿಡದೇನಿ" ಎಂದು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ಸಣ್ಣವರಿದ್ದಾಗ ಅವಳ ಮಗ್ಗುಲಲ್ಲಿ ಮಲಗಿದರೆ ಸೀನು ಬರುತ್ತಿತ್ತು. ಎಷ್ಟು ಒಗೆದರೂ ಸೀರೆಯಿಂದ ಆ ಘಾಟು ಹೋಗುತ್ತಿರಲಿಲ್ಲ. ಕಾಕಾ ತೀರಿಕೊಂಡ ಸುದ್ದಿ ಬಂದಾಗ ಮಗ ಹೋಗಿ ಮಣ್ಣು ಮಾಡಿ ಬಂದ. "ಅಪ್ಪನ ಮುಖದಾಗ ಏನ್ ಶಾಂತಿ ಇತ್ತವ್ವಾ" ಎಂದ. ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಕಾಕಾನ ಭಕ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ, ಕಸುಮಿ ಸೇಜೋನದೂ ಸುಳ್ಳಲ್ಲ. ನಂಬಿಕೆಗೆ ಬೆಲೆ ಕೊಡಬೇಕಾಗುತ್ತದೆ ಎಂದು ಇಂಥ ಕಥೆಗಳೆಲ್ಲ ಹೇಳುತ್ತವೆ. ಆ ಬೆಲೆಯನ್ನು ಯಾರ ಗಂಟಿನಿಂದ ಕೊಟ್ಟರು ಎಂಬ ಲೆಕ್ಕವನ್ನು ಮಾತ್ರ ಬರೆಯುವುದಿಲ್ಲ.

ಸೂರ್ಯಕಾಂತಿ ಮೂಲತಃ ಅಮೆರಿಕದ ಗಿಡ. ತಂಬಾಕೂ ಅಲ್ಲಿಯದೇ. ಎರಡೂ ಆ ಕಾಲದಲ್ಲಿ ಯುರೋಪಿನ ಹಡಗುಗಳ ಬೆನ್ನು ಹತ್ತಿ ಪೂರ್ವಕ್ಕೆ ಬಂದವು. ಪರದೇಶದ ಹೂವೊಂದನ್ನು ಪರದೇಶದ ಧರ್ಮಕ್ಕೆ ಗುರುತಾಗಿ ಇಟ್ಟದ್ದು ನಿರ್ದೇಶಕನ ಜಾಣತನವೋ ಏನೋ, ನನಗೆ ಹಾಗೆ ಕಂಡಿತು. ಆದರೆ ಆ ಧರ್ಮ ಜಪಾನಿನಲ್ಲಿ ಇನ್ನೂರೈವತ್ತು ವರ್ಷ ಉಳಿದದ್ದು ಓಡಾಡುವ ಸಮುರಾಯಿಗಳಿಂದಲ್ಲ, ಮನೆಗಳಿಂದ. ಫೂ ತಲುಪುವ ಅದೇ ಇಕಿತ್ಸುಕಿಯಲ್ಲಿ ದೇವರ ಪಟವನ್ನು ಮನೆಯೊಳಗಿನ ಸಾಮಾನಿನ ಕೋಣೆಯಲ್ಲಿ ಬಚ್ಚಿಡುತ್ತಿದ್ದರು. ನಾಂದೋ ಎಂಬ ಆ ಕೋಣೆಯ ಹೆಸರೇ ದೇವರಿಗೂ ಬಂತು, ನಾಂದೋಗಾಮಿ. ಇನ್ನು ಕೆಲವರು ಕೂಸನ್ನೆತ್ತಿಕೊಂಡ ಮೇರಿಯನ್ನು ಬೌದ್ಧರ ಕರುಣಾದೇವಿ ಕಾನೊನ್ ಎಂದು ಹೇಳಿ ಪೂಜಿಸಿದರು. ಲ್ಯಾಟಿನ್ ಪ್ರಾರ್ಥನೆಗಳು ಅರ್ಥ ಕಳೆದುಕೊಂಡು ಸವೆದು ಬಾಯಿಂದ ಬಾಯಿಗೆ ಬಂದವು. ವರ್ಷಕ್ಕೊಮ್ಮೆ ಚಿತ್ರ ತುಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ತುಳಿದವರು ಅದನ್ನು ಮಕ್ಕಳಿಗೆ ಕಲಿಸಿದರು, ಮಕ್ಕಳೂ ತುಳಿದರು, ಕಲಿಸಿದರು. ಹುತಾತ್ಮರಿಗೆ ಸಂತಪದವಿ ಸಿಕ್ಕಿತು. ಇವರಿಗೆ ಬಹುಕಾಲ ಏನೂ ಸಿಗಲಿಲ್ಲ. 2018ರಲ್ಲಿ ಯುನೆಸ್ಕೋ ಇವರ ಊರುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಇನ್ನೊಂದು ಕಥೆ ಧಾರಾವಾಹಿಯ ಕಾಲಕ್ಕಿಂತ ಬಹಳ ಈಚಿನದು. ಪರದೇಶಿಗಳ ಉಪಯೋಗಕ್ಕೆಂದು ಫ್ರೆಂಚ್ ಪಾದ್ರಿಗಳು ನಾಗಸಾಕಿಯಲ್ಲಿ ಓಉರಾ ಚರ್ಚು ಕಟ್ಟಿಸಿದ್ದರು. 1865ರ ಮಾರ್ಚ್ 17ರಂದು ಉರಕಾಮಿ ಊರಿನ ಹತ್ತೆಂಟು ಜನ ಚರ್ಚಿನ ಬಾಗಿಲಲ್ಲಿ ನಿಂತಿದ್ದರು. ಕಟ್ಟಡ ನೋಡಲು ಬಂದವರಿರಬೇಕೆಂದು ಪೆತಿಜಾನ್ ಎಂಬ ಪಾದ್ರಿ ಬಾಗಿಲು ತೆರೆದ. ನಿಷೇಧ ಇನ್ನೂ ಇತ್ತು, ಸಿಕ್ಕಿಬಿದ್ದರೆ ಸೆರೆ. ಅವರಲ್ಲಿ ಯುರಿ ಎಂಬ ಐವತ್ತರ ಆಚೀಚೆಯ ಹೆಂಗಸು, ಸರಿಸುಮಾರು ನನ್ನ ವಯಸ್ಸಿನವಳು, ಪ್ರಾರ್ಥಿಸುತ್ತಿದ್ದ ಪಾದ್ರಿಯ ಹತ್ತಿರ ಬಂದು, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂದು ಮೆಲ್ಲಗೆ ಹೇಳಿದಳು. ಆಮೇಲೆ, ಸಾಂತಾ ಮಾರಿಯಾಳ ಮೂರ್ತಿ ಎಲ್ಲಿದೆ ಎಂದು ಕೇಳಿದಳು.

ಆ ಒಂದು ಮಾತಿನ ಹಿಂದೆಯೇ ದಂಡನೆಯೂ ಬಂತು. ಉರಕಾಮಿಯ 3,000ಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳು ಎನ್ನದೆ, ಬೇರೆ ಬೇರೆ ಸೀಮೆಗಳಿಗೆ ಗಡಿಪಾರು ಮಾಡಿದರು. ಎಷ್ಟೋ ಜನ ಅಲ್ಲಿಯೇ ಸತ್ತರು. ನಿಷೇಧದ ಹಲಗೆಗಳು ಕೆಳಗಿಳಿದದ್ದು 1873ರಲ್ಲಿ. ಉಳಿದವರು ಊರಿಗೆ ಮರಳಿ ಬಂದು, ಪಾಳುಬಿದ್ದ ಮನೆಗಳ ಕಸ ಗುಡಿಸಿ, ಒಲೆ ಹಚ್ಚಿದರು.