ಐದು ಮನೆ ಶ್ರುತಿಯ ರಸಿಕ

ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವ ಮಗುವಿನಿಂದ ಮನೆಮಂದಿ ರೋಸಿಹೋಗುವುದು ಸಹಜ. ಆ ಮಗುವಿಗೆ ಆಟಿಸಂ ಇದ್ದರಂತೂ ಅದನ್ನು ಹಟವೆಂದೋ ಕಾಯಿಲೆಯೆಂದೋ ತೀರ್ಮಾನಿಸಿ ಮೊಬೈಲ್ ಕಿತ್ತುಕೊಳ್ಳುತ್ತಾರೆ. ನನಗೆ ಅಲ್ಲಿ ಕಾಣುವುದು ಅಪ್ಪಟ ರಸಿಕತೆ.

ಶ್ರೀನಿವಾಸಪುರದ ಪರಿಚಿತರ ಮನೆಯಲ್ಲಿ ಅಂಥ ಹುಡುಗನೊಬ್ಬನಿದ್ದಾನೆ. ಮಾತು ಕಡಿಮೆ. ಅಕ್ಕ ಸಂಗೀತ ಪಾಠಕ್ಕೆ ಕೂತರೆ ಶ್ರುತಿಪೆಟ್ಟಿಗೆಗೆ ಕಿವಿಯಾನಿಸಿ ಕೂರುತ್ತಾನೆ. ಗಂಟಲು ಕಟ್ಟಿದ ದಿನ ಅವಳು ಶ್ರುತಿಯನ್ನು ಐದು ಮನೆಯಿಂದ ನಾಲ್ಕೂವರೆಗೆ ಇಳಿಸಿದಳೋ, ಎದ್ದು ಬಂದು ಗುಂಡಿ ತಿರುಗಿಸಿ ಮತ್ತೆ ಐದಕ್ಕೇ ತರುತ್ತಾನೆ. ಅಂಕಿಯತ್ತ ನೋಡುವುದೂ ಇಲ್ಲ. ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಎಷ್ಟು ಜನರಿಗೆ ಆ ಅರ್ಧ ಮನೆ ತಿಳಿದೀತು?

ಆಟಿಸಂ ಇರುವ ಮಕ್ಕಳ ಈ ಸೂಕ್ಷ್ಮ ಕಿವಿ ಹೊಸದೇನಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಡಾ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂತು. ಅದರಲ್ಲೊಂದು ಮಗು ಒಂದೂವರೆ ವರ್ಷಕ್ಕೇ 18 ಸಿಂಫನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿತ್ತೆಂದು ತಾಯಿ ಹೇಳಿದ್ದರು. ಮುಂದೆ 1998ರಲ್ಲಿ ಸಂಶೋಧಕಿ ಪಮೇಲಾ ಹೀಟನ್ ಮತ್ತು ಸಂಗಡಿಗರು, ಒಂದೊಂದು ಸ್ವರಕ್ಕೆ ಒಂದೊಂದು ಪ್ರಾಣಿಯ ಚಿತ್ರ ಜೋಡಿಸಿ ಪರೀಕ್ಷಿಸಿದರು. ಸಂಗೀತ ಕಲಿಯದ ಆಟಿಸಂ ಮಕ್ಕಳು ಆ ಸ್ವರಗಳನ್ನು ಉಳಿದ ಮಕ್ಕಳಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಹಾಗೆಂದು ಎಲ್ಲರೂ ಪ್ರತಿಭಾವಂತರೆಂದಲ್ಲ. ಕೆಲವರಿಗೆ ಸಂಗೀತವೇ ಬೇಡ.

ಹಾಡು ಕೇಳಿದರೆ ಆಟಿಸಂ ವಾಸಿಯಾಗುತ್ತದೆ ಎನ್ನುವವರನ್ನು ಮಾತ್ರ ನಂಬಬೇಡಿ. ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ನನಗೆ ಇದರಿಂದ ನಿರಾಸೆಯಿಲ್ಲ. ನಾವು ತೋಡಿ ರಾಗ ಕೇಳುವುದು ಯಾವ ರೋಗ ವಾಸಿಯಾಗಲೆಂದು? ಖುಷಿಗೆ ತಾನೆ? ಆ ಹಕ್ಕು ಈ ಮಕ್ಕಳಿಗೂ ಇದೆ.

ನಮ್ಮ ಸೀಮೆಯ ಭಜನೆ ಮಂದಿರಗಳಲ್ಲಿ ಸಂತಕವಿ ಕೈವಾರ ತಾತಯ್ಯನವರ ಪದಗಳನ್ನು ಹಾಡುವಾಗ ಇಂಥ ಮಗು ಬಂದರೆ ಹಾರ್ಮೋನಿಯಂ ಪಕ್ಕದಲ್ಲಿ ಕೂರಿಸಿ. ಲೌಡ್‌ಸ್ಪೀಕರ್ ದೂರವಿರಲಿ, ತಾಳದ ಸದ್ದು ತುಸು ತಗ್ಗಲಿ. ಎಷ್ಟೋ ಮಕ್ಕಳಿಗೆ ಜೋರು ಸದ್ದು ನಿಜಕ್ಕೂ ನೋವು ಕೊಡುತ್ತದೆ. ಮೈ ತೂಗಿದರೆ ತೂಗಲಿ, ನಡುವೆ ಎದ್ದು ಓಡಾಡಿದರೆ ಓಡಾಡಲಿ. ‘ಹಾಡು ಮರಿ’ ಎಂದು ಎಲ್ಲರೆದುರು ನಿಲ್ಲಿಸಬೇಡಿ.